ಲೈಪೇಸ್ ಎಷ್ಟು ಇಳೀತು ಸಾರ್?

ಬೆಳಿಗ್ಗೆ ರೌಂಡ್ಸ್‌ಗೆ ವಾರ್ಡ್ ಬಾಗಿಲು ದಾಟ್ತಿದ್ದಂಗೆ ಇದೇ ಮೊದಲ ಪ್ರಶ್ನೆ. ಪೇಷೆಂಟ್ ಕೇಳಲ್ಲ, ಅವನಿಗೆ ನೋವೇ ಸಾಕಾಗಿರುತ್ತೆ, ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತಿದ್ದ ಮಗನೋ ಭಾಮೈದನೋ ಕೇಳೋದು, ಕೈಯಲ್ಲಿ ಮೊಬೈಲು, ಅದರಲ್ಲಿ ನಿನ್ನೆ ರಿಪೋರ್ಟಿನ ಫೋಟೋ. ನಾನು ಕೋಲಾರದಲ್ಲಿ ಫಿಸಿಷಿಯನ್, ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಳ್ಳೋ ಕಾಯಿಲೆ, ಅದರ ಕೇಸು ಬರ್ತಾನೇ ಇರುತ್ತೆ, ಲೈಪೇಸ್ ಅದನ್ನ ಹಿಡಿಯೋ ರಕ್ತದ ಟೆಸ್ಟು, ಈ ಪ್ರಶ್ನೆಗೆ ಉತ್ತರ ಹೇಳೀ ಹೇಳೀ ಸಾಕಾಗಿ ಒಂದ್ಸಲ ಬರೆದೇ ಬಿಡೋಣ ಅನ್ನಿಸ್ತು.

ಹೋದ ಟೊಮ್ಯಾಟೊ ಸೀಸನ್‌ನಲ್ಲಿ ಒಂದೇ ವಾರ ಇಬ್ಬರು ಅಡ್ಮಿಟ್ ಆದ್ರು, ಅಕ್ಕಪಕ್ಕದ ಬೆಡ್ಡು. ಮೊದಲನೆಯವರು ಮಂಡಿಯಲ್ಲಿ ಕಮಿಷನ್ ವ್ಯಾಪಾರ ಮಾಡೋರು, ವಯಸ್ಸು 54, ಲೈಪೇಸ್ 3,200. ನಾರ್ಮಲ್ 60ರ ಆಸುಪಾಸು ಅಂತ ರಿಪೋರ್ಟಲ್ಲೇ ಪ್ರಿಂಟ್ ಆಗಿರುತ್ತಲ್ಲ, ಅದನ್ನ ನೋಡಿ ಮನೆಯವರು ಅಳೋಕೆ ಶುರು ಮಾಡಿದ್ರು. ಎರಡನೆಯವನು ಬಂಗಾರಪೇಟೆ ಕಡೆ ಹುಡುಗ, 36 ವರ್ಷ, ಶುಗರ್ ಇದೆ, ಮಾತ್ರೆ ನೆನಪಾದಾಗ ತಗೋತಾನೆ, ಲೈಪೇಸ್ ಬರೀ 520. ಅವನ ಅಣ್ಣ ಪಕ್ಕದ ಬೆಡ್ಡಿನ ರಿಪೋರ್ಟ್ ಇಣುಕಿ ನೋಡಿ ಸಮಾಧಾನವಾಗಿ ಟೀ ಕುಡಿಯೋಕೆ ಹೋದ. 3,200 ಇದ್ದೋರು ಐದನೇ ದಿನ ಇಡ್ಲಿ ತಿಂದು ಮನೆಗೆ ಹೊರಟ್ರು, 520 ಇದ್ದೋನು ಅಷ್ಟೊತ್ತಿಗೆ ಆಂಬುಲೆನ್ಸಲ್ಲಿ ಬೆಂಗಳೂರು ಸೇರಿದ್ದ.

ಲೈಪೇಸ್, ಅಮೈಲೇಸ್ ಎರಡೂ ಪ್ಯಾಂಕ್ರಿಯಾಸಿಂದ ರಕ್ತಕ್ಕೆ ಸೋರಿಕೊಳ್ಳೋ ಎಂಜೈಮ್‌ಗಳು. ನಾರ್ಮಲ್‌ಗಿಂತ ಮೂರು ಪಟ್ಟು ದಾಟಿದ್ರೆ, ಜೊತೆಗೆ ಮೇಲುಹೊಟ್ಟೆಯಲ್ಲಿ ಆ ತರದ ನೋವಿದ್ರೆ ಕಾಯಿಲೆ ಇದೇ ಅಂತ ಹೇಳಬಹುದು. ಅಲ್ಲಿಗೆ ಅವುಗಳ ಕೆಲಸ ಮುಗೀತು. ಎಷ್ಟು ಪಟ್ಟು ಏರಿದೆ ಅನ್ನೋದಕ್ಕೂ ಪೇಷೆಂಟ್ ಎಷ್ಟು ಸೀರಿಯಸ್ ಅನ್ನೋದಕ್ಕೂ ಸಂಬಂಧ ಇಲ್ಲ. ದಿನಾ ರಿಪೀಟ್ ಮಾಡಿಸೋದು ದುಡ್ಡು ದಂಡ, ನಮ್ಮವರೇ ಕೆಲವರು ಬರೀತಾರೆ, ಏನು ಮಾಡೋದು.

ಹಾಗಾದ್ರೆ ನಾನು ಏನು ನೋಡ್ತೀನಿ? ಮೊದಲು ಪಿಸಿವಿ, ಅಂದ್ರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಅನ್ನೋ ಲೆಕ್ಕ. ಸಿಬಿಸಿ ರಿಪೋರ್ಟಲ್ಲೇ ಒಂದು ಮೂಲೇಲಿರುತ್ತೆ, ಅದಕ್ಕೆ ಬೇರೆ ಟೆಸ್ಟ್ ಬೇಕಾಗಿಲ್ಲ, ಯಾರೂ ಅದರ ಫೋಟೋ ತೆಗೆಯಲ್ಲ. ಪ್ಯಾಂಕ್ರಿಯಾಸ್ ಉರಿ ಹತ್ತಿಕೊಂಡಾಗ ಮೈಯೆಲ್ಲ ಇರೋ ಸಣ್ಣ ರಕ್ತನಾಳಗಳು ಸೋರೋಕೆ ಶುರುವಾಗ್ತವೆ, ರಕ್ತದ ನೀರಿನಂಶ ಹೊಟ್ಟೆಯೊಳಗೆ ಹೋಗಿ ನಿಂತ್ಕೊಳ್ಳುತ್ತೆ, ಉಳಿದ ರಕ್ತ ಒಲೆ ಮೇಲೆ ಮರೆತ ಬಸ್ಸಾರಿನಂಗೆ ಬತ್ತಿ ಗಟ್ಟಿಯಾಗುತ್ತೆ. ಪಿಸಿವಿ 44 ದಾಟಿದ್ದು, ಡ್ರಿಪ್ಸ್ ಹಾಕಿ 24 ಗಂಟೆ ಆದ್ರೂ ಇಳೀಲಿಲ್ಲ ಅಂದ್ರೆ ಪ್ಯಾಂಕ್ರಿಯಾಸಿನ ಒಂದು ಭಾಗ ರಕ್ತ ಸಿಗದೆ ಸಾಯ್ತಿದೆಯೇನೋ ಅಂತ ಅನುಮಾನ ಬರಬೇಕು. ಆದ್ರೆ ನಮ್ಮ ಹಳ್ಳಿ ಹೆಣ್ಮಕ್ಕಳಲ್ಲಿ ಈ 44ನ್ನ ಕಣ್ಣುಮುಚ್ಚಿ ನಂಬಬೇಡಿ, ರಕ್ತ ಕಮ್ಮಿ ಇದ್ದು ಯಾವಾಗಲೂ 32, 33 ಇರೋ ಅಮ್ಮನಿಗೆ 41 ಬಂದ್ರೆ ಅದೂ ಬತ್ತಿದ ರಕ್ತಾನೇ.

ಎರಡನೇದು ಯೂರಿಯಾ, ಕಿಡ್ನಿ ಹೊರಹಾಕಬೇಕಾದ ಕಸ. ಪುಸ್ತಕದಲ್ಲಿ ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ) 20ಕ್ಕಿಂತ ಜಾಸ್ತಿ ಅಂತಿರುತ್ತೆ, ನಮ್ಮ ಲ್ಯಾಬ್‌ಗಳು ಕೊಡೋದು ಬ್ಲಡ್ ಯೂರಿಯಾ, ಎರಡೂ ಒಂದೇ ಅಲ್ಲ, ಬಿಯುಎನ್ 20 ಅಂದ್ರೆ ಯೂರಿಯಾ ಸುಮಾರು 43. ಇದನ್ನ ತಿಳೀದೆ ಗಾಬರಿಯಾದ ಜೂನಿಯರ್‌ಗಳನ್ನ ನೋಡಿದೀನಿ. ಒಂದು ಸಲದ ನಂಬರ್‌ಗಿಂತ ಮಾರನೇ ದಿನ ಏರ್ತಾ ಇಳೀತಾ ಅನ್ನೋದೇ ಮುಖ್ಯ. ಕಿಡ್ನಿಯದೇ ಇನ್ನೊಂದು ಟೆಸ್ಟು ಕ್ರಿಯಾಟಿನಿನ್ನೂ ಹಂಗೇ.

ಸಿಆರ್‌ಪಿ, ಅಂದ್ರೆ ಮೈಯಲ್ಲಿ ಉರಿಯೂತ ಇದ್ರೆ ರಕ್ತದಲ್ಲಿ ಏರೋ ಪ್ರೋಟೀನ್, ಇದರ ಬಗ್ಗೆ ಎಲ್ಲರೂ ಕೇಳಿರ್ತೀರಿ, ಕೋವಿಡ್ ಟೈಮಲ್ಲಿ ಮನೆಮನೆ ಮಾತಾಗಿತ್ತು. ಇದು ನಿಧಾನದ ಗಿರಾಕಿ, ನೋವು ಶುರುವಾದ ದಿನ ಮಾಡಿಸಿದ್ರೆ ಏನೂ ಗೊತ್ತಾಗಲ್ಲ, 48 ಗಂಟೆ ಹೊತ್ತಿಗೆ ಲೀಟರಿಗೆ 150 ಮಿಲಿಗ್ರಾಂ ದಾಟಿದ್ರೆ ಹುಷಾರಾಗಿರಬೇಕು. ಇಲ್ಲೂ ಒಂದು ಎಡವಟ್ಟಿದೆ, ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡ್ತವೆ, ಅಲ್ಲಿ 18 ಅಂತಿದ್ರೆ ಅದು 180, 'ಬರೀ ಹದಿನೆಂಟು ಸಾರ್' ಅಂತ ಖುಷಿಪಡೋ ಹಂಗಿಲ್ಲ. ಪ್ರೊಕ್ಯಾಲ್ಸಿಟೋನಿನ್ ದುಬಾರಿ ಟೆಸ್ಟು, ಸೋಂಕು ಸೇರಿಕೊಂಡಿದೆಯಾ ಅಂತ ಆಮೇಲೆ ಅನುಮಾನ ಬಂದಾಗ ಉಪಯೋಗಕ್ಕೆ ಬರುತ್ತೆ. ಕ್ಯಾಲ್ಸಿಯಂ ಮಾತ್ರ ವಿಚಿತ್ರ ನೋಡಿ, ಏರೋ ಬದಲು ಇಳಿಯುತ್ತೆ, ಸೋರಿದ ಲೈಪೇಸ್ ಹೊಟ್ಟೆಯೊಳಗಿನ ಕೊಬ್ಬನ್ನ ಒಡೆಯುತ್ತೆ, ಆ ಕೊಬ್ಬಿನಾಮ್ಲ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಸೋಪಾಗುತ್ತೆ, ನಿಜವಾಗ್ಲೂ ಸೋಪೇ, ಆಪರೇಷನ್ ಮಾಡಿದೋರು ಒಳಗೆ ಬಿಳೀ ಚುಕ್ಕೆ ಚುಕ್ಕೆಯಾಗಿ ನೋಡಿರ್ತಾರೆ.

ಬಂಗಾರಪೇಟೆ ಹುಡುಗನ ಕಥೆಗೆ ಬರ್ತೀನಿ. ನಮ್ಮಲ್ಲಿಗೆ ಬರೋ ಮುಂಚೆ ಬೇರೆ ಕಡೆ ಎರಡು ದಿನ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟಿದ್ರು, ಅಮೈಲೇಸ್ ಮಾಡಿಸಿದ್ರು ಕೂಡ, ನಾರ್ಮಲ್ ಬಂದಿತ್ತು. ನಮ್ಮಲ್ಲಿ ಬ್ಲಡ್ ಕಳಿಸಿ ಅರ್ಧ ಗಂಟೆಗೆ ಲ್ಯಾಬ್ ಹುಡುಗ ಫೋನ್ ಮಾಡಿ 'ಸಾರ್ ಒಂಚೂರು ಬಂದು ನೋಡಿ' ಅಂದ. ಹೋದೆ. ಟ್ಯೂಬಲ್ಲಿ ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ಇರಬೇಕಾದ ಸೀರಂ ಡೈರಿಗೆ ಹಾಕೋ ಹಾಲಿನಂಗೆ ಬೆಳ್ಳಗೆ, ಅಲ್ಲಾಡಿಸಿದ್ರೆ ಗಾಜಿಗೆ ಅಂಟ್ಕೊಳ್ತಿತ್ತು. ಟ್ರೈಗ್ಲಿಸರೈಡ್, ಅಂದ್ರೆ ರಕ್ತದಲ್ಲಿರೋ ಕೊಬ್ಬು, 2,800. 1,000 ದಾಟಿದ್ರೇ ಅದೊಂದೇ ಪ್ಯಾಂಕ್ರಿಯಾಟೈಟಿಸ್ ತರಿಸೋಕೆ ಸಾಕು, ಮತ್ತೆ ಇಷ್ಟು ಕೊಬ್ಬಿರೋ ರಕ್ತದಲ್ಲಿ ಅಮೈಲೇಸ್ ಟೆಸ್ಟ್ ಸುಳ್ಳು ಹೇಳಿ ನಾರ್ಮಲ್ ತೋರಿಸಿಬಿಡುತ್ತೆ. ಸೀರಂನ ಡೈಲ್ಯೂಟ್ ಮಾಡಿ ಓಡಿಸಿದ ಮೇಲೆ ಅಮೈಲೇಸೂ ಮೇಲೆ ಬಂತು.

ಅವನ ಪಿಸಿವಿ ಮೊದಲ ದಿನ 50, ಮಾರನೇ ಬೆಳಿಗ್ಗೆ 52. ಯೂರಿಯಾ 48 ಇದ್ದಿದ್ದು 71. ಯೂರಿನ್ ಬ್ಯಾಗಲ್ಲಿ ಇಡೀ ರಾತ್ರಿಗೆ 200 ಎಂಎಲ್, ಬಣ್ಣ ಕಾಫಿ ಡಿಕಾಕ್ಷನ್. ಎಪ್ಪತ್ತು ಕೆಜಿ ಆಳಿಗೆ ಗಂಟೆಗೆ 35 ಎಂಎಲ್ ಆದ್ರೂ ಬರಬೇಕು. ಅಣ್ಣ ಮಾತ್ರ ಹಿಂದೆ ಹಿಂದೆ ಬಂದು 'ಲೈಪೇಸ್ 410ಕ್ಕೆ ಬಂದಿದೆ ಸಾರ್, ಇಂಪ್ರೂವ್‌ಮೆಂಟ್ ಅಲ್ವಾ' ಅಂತಿದ್ದ. ಆ ಬ್ಯಾಗ್ ತೋರಿಸಿ, 'ನೋಡಪ್ಪಾ, ಇದನ್ನ ನೋಡು, ಆ ಪೇಪರ್ ಬಿಡು' ಅಂದೆ. ಮಧ್ಯಾಹ್ನದೊತ್ತಿಗೆ ಉಸಿರಾಟ ಜೋರಾಯ್ತು, ಆಕ್ಸಿಜನ್ ಹಾಕಿಯೇ ಕಳಿಸಿದ್ವಿ. ಕಿಡ್ನಿ, ಶ್ವಾಸಕೋಶ ಇಂಥ ಅಂಗಗಳ ತೊಂದರೆ 48 ಗಂಟೆ ದಾಟಿಯೂ ನಿಂತ್ರೆ ಅದನ್ನೇ ಸಿವಿಯರ್ ಅಂತ ಕರೆಯೋದು, 2012ರ ಅಟ್ಲಾಂಟಾ ವರ್ಗೀಕರಣದಲ್ಲಿ ಇರೋದೂ ಅದೇ. ಮೂರು ವಾರ ಐಸಿಯು ನೋಡಿ ಬದುಕಿಕೊಂಡು ಬಂದ, ಈಗ ಇನ್ಸುಲಿನ್ ಮೇಲಿದಾನೆ.

ರಕ್ತ ಬತ್ತಿದೆ ಅಂತ ಡ್ರಿಪ್ಸ್ ಸುರಿದುಬಿಡೋದೂ ತಪ್ಪು. ಮುಂಚೆ ನಾವೂ ಹಂಗೇ ಸುರೀತಿದ್ವಿ. 2022ರಲ್ಲಿ ವಾಟರ್‌ಫಾಲ್ ಅನ್ನೋ ಟ್ರಯಲ್ ಬಂತು, ಜೋರಾಗಿ ಹಾಕಿದವರಲ್ಲಿ 100ಕ್ಕೆ 20 ಜನಕ್ಕೆ ಮೈಯಲ್ಲಿ ನೀರು ಜಾಸ್ತಿಯಾಯ್ತು, ಹದವಾಗಿ ಹಾಕಿದವರಲ್ಲಿ 6 ಜನಕ್ಕೆ, ಲಾಭ ಏನೂ ಕಾಣಲಿಲ್ಲ, ಮಧ್ಯದಲ್ಲೇ ನಿಲ್ಲಿಸಿದ್ರು. ಈಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಸ್ ಹದವಾಗಿ ಹಾಕಿ ಆರಾರು ಗಂಟೆಗೆ ನೋಡ್ಕೊಂಡು ಏರಿಸೋದು ಇಳಿಸೋದು ಮಾಡ್ತೀನಿ.

ಮಂಡಿಯವರಿಗೆ ಬಂದಿದ್ದು ಪಿತ್ತಕೋಶದ ಕಲ್ಲಿಂದ. ಲಿವರ್ ಟೆಸ್ಟಲ್ಲಿ ಬರೋ ಎಎಲ್‌ಟಿ 280 ಇತ್ತು, 150 ದಾಟಿದ್ರೇ ಕಲ್ಲಿನ ಕಡೆ ಕೈ ತೋರಿಸುತ್ತೆ, ಸ್ಕ್ಯಾನಲ್ಲೂ ಕಾಣಿಸ್ತು. ಪಿಸಿವಿ 41ರಿಂದ 37ಕ್ಕೆ ಇಳಿದು ಮೂರನೇ ದಿನಕ್ಕೆ ಹಸಿವು ಅಂದ್ರು. ಇದೇ ಅಡ್ಮಿಷನ್‌ನಲ್ಲಿ ಪಿತ್ತಕೋಶ ತೆಗೆಸಿಬಿಡಿ, ಇಲ್ಲಾಂದ್ರೆ ಮತ್ತೆ ಬರುತ್ತೆ ಅಂತ ನಾನೂ ಸರ್ಜನ್ನೂ ಹೇಳಿದ್ವಿ. ಸೀಸನ್ ಮುಗೀಲಿ ಸಾರ್, ಬಾಕ್ಸಿಗೆ ಒಳ್ಳೆ ರೇಟಿದೆ ಅಂತ ಹೊರಟೇ ಬಿಟ್ರು. ನಾಲ್ಕು ದಿನ ಬಿಟ್ಟು ವಾಟ್ಸಾಪಲ್ಲಿ ಒಂದು ರಿಪೋರ್ಟ್ ಬಂತು, ತಾವೇ ಲ್ಯಾಬಿಗೆ ಹೋಗಿ ಮಾಡಿಸ್ಕೊಂಡಿದ್ದು. 'ಲೈಪೇಸ್ ಇನ್ನೂ 310 ಇದೆ ಸಾರ್, ಭಯ ಆಗ್ತಿದೆ.' ಊಟ ಸೇರುತ್ತಾ ಅಂತ ಕೇಳಿದೆ. 'ಎರಡು ಮುದ್ದೆ ತಿಂದೆ ಸಾರ್.' ಆಪರೇಷನ್ ಯಾವಾಗ ಅಂತ ಕೇಳಿದೆ, ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.