ಸಾಲ ಬಳಕೆ ಪ್ರಮಾಣ: ಕಾರ್ಡ್ ಮುಚ್ಚಿದಾಗ ಕುಗ್ಗುವ ಛೇದ

ಮನೆ ಸಾಲಕ್ಕೆ ಅರ್ಜಿ ಹಾಕುವ ಮುನ್ನ ನನ್ನ ತಂಗಿ ತನ್ನ ಎರಡು ಕ್ರೆಡಿಟ್ ಕಾರ್ಡುಗಳಲ್ಲಿ ಒಂದನ್ನು ಮುಚ್ಚಿಸಿದಳು. ಸಾಲದ ಬಾಗಿಲುಗಳು ಕಡಿಮೆಯಾದಷ್ಟೂ ಬ್ಯಾಂಕಿಗೆ ನಂಬಿಕೆ ಹೆಚ್ಚುತ್ತದೆ ಎಂದುಕೊಂಡಿದ್ದಳು. ಎರಡು ತಿಂಗಳಲ್ಲಿ ಅವಳ ಕ್ರೆಡಿಟ್ ಸ್ಕೋರ್, ಅಂದರೆ ಸಾಲದ ವಿಷಯದಲ್ಲಿ ಅವಳನ್ನು ಎಷ್ಟು ನಂಬಬಹುದು ಎಂದು ಹೇಳುವ ಅಂಕ, ಇಳಿದಿತ್ತು. “ಅಕ್ಕಾ, ಒಂದು ಪೈಸೆ ಬಾಕಿ ಉಳಿಸಿಕೊಂಡಿಲ್ಲ, ಒಂದು ಬಿಲ್ಲೂ ತಡವಾಗಿಲ್ಲ. ಮತ್ತೆ ಇದೇಕೆ?” ಎಂದು ಕೇಳಿದಳು.

ಉತ್ತರ ಇರುವುದು ‘ಕ್ರೆಡಿಟ್ ಯುಟಿಲೈಸೇಷನ್ ರೇಷಿಯೋ’ ಎಂಬ ಮಾತಿನಲ್ಲಿ. ಕನ್ನಡದಲ್ಲಿ ಸಾಲ ಬಳಕೆ ಪ್ರಮಾಣ ಎನ್ನೋಣ. ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಿದ್ದರೆ ಸಾಕು. ಎಲ್ಲ ಕಾರ್ಡುಗಳಲ್ಲಿ ಸೇರಿ ನೀವು ಬಳಸಿರುವ ಹಣ ಅಂಶ, ಎಲ್ಲ ಕಾರ್ಡುಗಳ ಲಿಮಿಟ್ ಸೇರಿದ ಮೊತ್ತ ಛೇದ. ತಂಗಿಯ ಒಂದು ಕಾರ್ಡಿಗೆ 1,50,000 ರೂಪಾಯಿ ಲಿಮಿಟ್, ಇನ್ನೊಂದಕ್ಕೆ 50,000. ತಿಂಗಳಿಗೆ ಸುಮಾರು 30,000 ಖರ್ಚು. ಎರಡು ಲಕ್ಷಕ್ಕೆ ಮೂವತ್ತು ಸಾವಿರ ಎಂದರೆ ಶೇ 15. ಅವಳು ಮುಚ್ಚಿಸಿದ್ದು ದೊಡ್ಡ ಕಾರ್ಡನ್ನು. ಖರ್ಚು ಹಾಗೆಯೇ ಉಳಿಯಿತು, ಛೇದ ಮಾತ್ರ 50,000ಕ್ಕೆ ಕುಗ್ಗಿತು. ಪ್ರಮಾಣ ಶೇ 60ಕ್ಕೆ ಜಿಗಿಯಿತು. ಒಂದು ರೂಪಾಯಿಯೂ ಹೆಚ್ಚು ಖರ್ಚು ಮಾಡದ ಹೆಣ್ಣುಮಗಳು, ಲೆಕ್ಕದ ಕಣ್ಣಿಗೆ ಕೈ ಬಿಗಿಯಾಗಿ ಸಾಲದ ಅಂಚಿಗೆ ಬಂದವಳಂತೆ ಕಂಡಳು.

ಈ ಪ್ರಮಾಣ ಶೇ 30ರ ಒಳಗಿರಲಿ ಎಂಬುದು ರೂಢಿಯ ಸಲಹೆ. ಅದು ಕಾನೂನಲ್ಲ, ದಾಟಿದೊಡನೆ ಶಿಕ್ಷೆ ಬೀಳುವ ಗೆರೆಯೂ ಅಲ್ಲ. ಮನೆ ಸಾಲ, ವಾಹನ ಸಾಲಗಳ ಕಂತು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಎಲ್ಲ ಸ್ಕೋರನ್ನೂ ‘ಸಿಬಿಲ್’ ಎಂದೇ ಕರೆಯುತ್ತೇವೆ, ಆದರೆ ಸಿಬಿಲ್ ಎಂಬುದು ನಮ್ಮ ಸಾಲದ ಇತಿಹಾಸದ ವರದಿ, ಸ್ಕೋರ್ ತಯಾರಿಸುವ ಸಂಸ್ಥೆಯೊಂದರ ಹೆಸರು. ಅದಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಸಂಸ್ಥೆಗಳಿವೆ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ.

ಹೆಚ್ಚಿನವರಿಗೆ ತಿಳಿಯದ ಸಂಗತಿ ಒಂದಿದೆ. ಪೂರ್ತಿ ಬಿಲ್ ಕಟ್ಟುವವರ ಪ್ರಮಾಣವೂ ಹೆಚ್ಚಾಗಿ ಕಾಣಬಹುದು. ಬ್ಯಾಂಕು ಈ ಸಂಸ್ಥೆಗಳಿಗೆ ಮಾಹಿತಿ ಕಳಿಸುವಾಗ ಖಾತೆಯಲ್ಲಿ ಎಷ್ಟು ಬಾಕಿ ನಿಂತಿದೆಯೋ ಅದೇ ಲೆಕ್ಕಕ್ಕೆ ಸಿಗುತ್ತದೆ. ನೀವು ಹತ್ತು ದಿನ ಬಿಟ್ಟು ಅದನ್ನು ತೀರಿಸುತ್ತೀರಿ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಬಿಲ್ ತಯಾರಾಗುವ ಮುನ್ನವೇ ಒಂದಿಷ್ಟು ಕಟ್ಟಿಬಿಡು ಎಂದು ತಂಗಿಗೆ ಹೇಳಿದೆ. ಬಳಕೆ ತಗ್ಗಿದರೆ ಸ್ಕೋರ್ ಮೇಲೇಳುತ್ತದೆ, ಇದು ಅಳಿಸಲಾಗದ ಕಲೆಯಲ್ಲ.

ಕಾರ್ಡ್ ಮುಚ್ಚಿದೊಡನೆ ಹಳೆಯ ಇತಿಹಾಸವೆಲ್ಲ ಅಳಿಸಿಹೋಗುತ್ತದೆ ಎಂಬ ಭಯ ಬೇಡ. ಮುಚ್ಚಿದ ಖಾತೆಯೂ ವರ್ಷಗಟ್ಟಲೆ ವರದಿಯಲ್ಲಿ ಇರುತ್ತದೆ. ಆದರೂ ನಿಮ್ಮ ಅತಿ ಹಳೆಯ ಕಾರ್ಡೇ ಅದಾಗಿದ್ದರೆ, ಉಳಿದವೆಲ್ಲ ನಿನ್ನೆ ಮೊನ್ನೆಯವಾಗಿದ್ದರೆ, ಅದನ್ನು ಉಳಿಸಿಕೊಳ್ಳುವುದೇ ಜಾಣತನ ಎಂದು ನನಗೆ ಅನಿಸುತ್ತದೆ. ವಾರ್ಷಿಕ ಶುಲ್ಕ ಭಾರವೆನಿಸಿದರೆ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡುತ್ತೀರಾ ಎಂದು ಮೊದಲು ಕೇಳಿ. ಕೈಯಲ್ಲಿ ಕಾರ್ಡ್ ಇದ್ದರೆ ಖರ್ಚು ಹತೋಟಿ ತಪ್ಪುತ್ತದೆ ಎನ್ನುವವರು ಮಾತ್ರ ಸ್ಕೋರಿನ ಚಿಂತೆ ಬಿಟ್ಟು ಮುಚ್ಚಿಸಲಿ. ಬಡ್ಡಿಯ ಸುಳಿಗಿಂತ ನಾಲ್ಕು ಅಂಕ ಕಡಿಮೆಯಾಗುವುದು ಎಷ್ಟೋ ವಾಸಿ.

ನಿಜವಾಗಿ ಹೆದರಬೇಕಾದ ಪದ ‘ಸೆಟಲ್ಡ್’. ಪೂರ್ತಿ ಬಾಕಿ ತೀರಿಸಿ ಮುಚ್ಚಿದ ಖಾತೆಗೆ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುತ್ತದೆ. 80,000 ಬಾಕಿಯಲ್ಲಿ 45,000 ಕಟ್ಟಿದರೆ ಸಾಕು ಎಂದು ವಸೂಲಿಗಾರರು ಫೋನಿನಲ್ಲಿ ಒಪ್ಪಿಸಿ ಮುಗಿಸಿದ ಖಾತೆಗೆ ‘ಸೆಟಲ್ಡ್’ ಎಂದು ಬರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ‘ಪೂರ್ತಿ ತೀರಿಸಲಿಲ್ಲ’ ಎಂದೇ ಓದುತ್ತಾರೆ. ಕೇಳಲು ಎರಡೂ ಒಂದೇ ರೀತಿ ಇವೆ, ಪರಿಣಾಮಕ್ಕೆ ಅಜಗಜಾಂತರ.

ಮುಚ್ಚಿಸುವ ಹಕ್ಕು ನಿಮ್ಮದೇ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ, ಬಾಕಿ ಪೂರ್ತಿ ತೀರಿದ್ದರೆ, ಕೋರಿಕೆ ಬಂದ 7 ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ವರ್ಷಕ್ಕೂ ಹೆಚ್ಚು ಕಾಲ ಬಳಸದ ಕಾರ್ಡಿನ ವಿಷಯದಲ್ಲಿ ಬ್ಯಾಂಕು ನಿಮಗೆ ತಿಳಿಸಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ತಾನೇ ಮುಚ್ಚಬಹುದು. ಹಾಗಾಗಿ ಉಳಿಸಿಕೊಳ್ಳಬೇಕೆಂದಿರುವ ಕಾರ್ಡಿನಲ್ಲಿ ಆಗಾಗ ಒಂದು ಮೊಬೈಲ್ ರೀಚಾರ್ಜ್ ಆದರೂ ಮಾಡುತ್ತಿರಿ.

ನನ್ನ ಅಪ್ಪ ಇದಾವುದನ್ನೂ ಕೇಳದೆ, ಎಲ್ಲ ಬಾಕಿ ತೀರಿಸಿ, ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದ್ದರು. ಮುಚ್ಚುವ ಕೋರಿಕೆ ಕೊಟ್ಟಿರಲಿಲ್ಲ. ಖಾತೆ ಜೀವಂತವಾಗಿಯೇ ಇತ್ತು. ವಾರ್ಷಿಕ ಶುಲ್ಕ 499, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. ಬಿಲ್ ಹೋಗುತ್ತಿದ್ದುದು ಅವರು ತೆರೆಯದ ಇಮೇಲಿಗೆ. ಎಂದೂ ಸಾಲ ಉಳಿಸಿಕೊಳ್ಳದ ಮನುಷ್ಯನ ವರದಿಯಲ್ಲಿ ಮೊದಲ ಬಾರಿಗೆ ‘ಬಾಕಿ’ ಎಂದು ಬಿದ್ದದ್ದು ಆ ಮೊತ್ತಕ್ಕೆ. ಕಟ್ಟಿ, ಕೋರಿಕೆ ಸಲ್ಲಿಸಿ, ಖಾತೆ ಮುಚ್ಚಿದ ಪತ್ರ ತರಿಸಿಕೊಂಡೆವು. ಅದೀಗ ಪಹಣಿ, ಕಂದಾಯದ ರಸೀದಿಗಳ ಕಡತದಲ್ಲಿ, ಎಲ್ಲಕ್ಕಿಂತ ಮೇಲಿದೆ.