ಮೀಟರ್ ಮೇಲೆ ಐವತ್ತು

ಮೊನ್ನೆ ರಾತ್ರಿ ಒಂಬತ್ತೂವರೆ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ಮಳೆ. ಜೊತೆಗೆ ಎಂಟನೇ ಕ್ಲಾಸ್ ಓದುವ ಅಕ್ಕನ ಮಗಳು. ನಾಲ್ಕು ಆಟೋ ತಲೆ ಅಲ್ಲಾಡಿಸಿ ಹೋದವು. ಐದನೆಯವನು ನಿಲ್ಲಿಸಿ, "ಮೀಟರ್ ಮೇಲೆ ಐವತ್ತು ಕೊಡಿ ಸಾರ್, ಇಲ್ಲಾಂದ್ರೆ ಒಂದೂವರೆ ಮಾಡ್ಕೊಡಿ" ಎಂದ.

ಬನಶಂಕರಿ ಹತ್ತಿರದ ನಮ್ಮ ಮನೆಗೆ ಅಲ್ಲಿಂದ 8 ಕಿಲೋಮೀಟರ್. ಈಗಿನ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹಾಗಾಗಿ ಎರಡು ಕಿಲೋಮೀಟರ್ ದಾಟಿದರೆ ಲೆಕ್ಕ ಸಲೀಸು, ದೂರವನ್ನು 18ರಿಂದ ಗುಣಿಸಿದರೆ ಮುಗಿಯಿತು. ನಮಗೆ 144. ಮೇಲೆ ಐವತ್ತು ಸೇರಿದರೆ 194. ಒಂದೂವರೆ ಆದರೆ 216. ಐವತ್ತಕ್ಕೆ ಒಪ್ಪಿ ಹತ್ತಿದೆವು.

ಟೌನ್ ಹಾಲ್ ದಾಟಿರಲಿಲ್ಲ, ಹುಡುಗಿ ಕೇಳಿದಳು: "ಮಾಮ, ಯಾವಾಗ್ಲೂ ಮೇಲೆ ಐವತ್ತೇ ಲಾಭಾನಾ?"

ಒಳ್ಳೆಯ ಪ್ರಶ್ನೆ. ನಾನು ಮಾಡಿದ್ದು ಬರೀ ಅಂಕಗಣಿತ, ಒಂದು ಸವಾರಿಯ ಲೆಕ್ಕ. ಅವಳು ಕೇಳಿದ್ದು ಎಲ್ಲ ಸವಾರಿಗಳ ಲೆಕ್ಕ. ದೂರ ಎಷ್ಟೆಂದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು, ಗೊತ್ತಿದೆ ಅನ್ನೋ ಹಾಗೆ ಅದರ ಜೊತೆ ವ್ಯವಹಾರ ಮಾಡಬೇಕು. ಬೀಜಗಣಿತದ ಧೈರ್ಯ ಅಂದರೆ ಇದೇ. ದೂರ ಎಕ್ಸ್ ಇರಲಿ. ಒಂದೂವರೆ ಆದರೆ 27 ಎಕ್ಸ್ (18ರ ಒಂದೂವರೆ ಪಟ್ಟು 27), ಮೇಲೆ ಐವತ್ತು ಆದರೆ 18 ಎಕ್ಸ್ ಕೂಡಿಸು 50, ಎರಡೂ ಎಲ್ಲಿ ಸಮ? ಎರಡೂ ಕಡೆಯಿಂದ 18 ಎಕ್ಸ್ ತೆಗೆದರೆ 9 ಎಕ್ಸ್ ಅಂದರೆ 50. ಎಕ್ಸ್ ಐದೂವರೆಗೆ ಚೂರು ಜಾಸ್ತಿ. ಅಷ್ಟು ಕಿಲೋಮೀಟರಿಗಿಂತ ಹತ್ತಿರ ಇದ್ದರೆ ಒಂದೂವರೆ ಲಾಭ, ದೂರ ಇದ್ದರೆ ಐವತ್ತು.

"ಆದ್ರೆ ಎಕ್ಸೇ ಯಾಕೆ?" ಅಂದಳು.

ಎಕ್ಸ್ ನಿಜಕ್ಕೂ ತಡವಾಗಿ ಬಂದ ಅತಿಥಿ. ಗೊತ್ತಿಲ್ಲದ ಸಂಖ್ಯೆಗೆ ಅಕ್ಷರಮಾಲೆಯ ಕೊನೆಯ ಅಕ್ಷರಗಳನ್ನು ಬಳಸುವ ರೂಢಿ ಫ್ರಾನ್ಸಿನ ಡೆಕಾರ್ಟ್‌ನಿಂದ ಬಂತು, 1637ರಲ್ಲಿ. ಸಮ ಚಿಹ್ನೆಯ ಎರಡು ಗೆರೆಗಳೂ 1557ಕ್ಕಿಂತ ಮೊದಲು ಅಚ್ಚಾಗಿರಲಿಲ್ಲ. ಅದಕ್ಕೂ ಏಳುನೂರಕ್ಕೂ ಹೆಚ್ಚು ವರ್ಷ ಹಿಂದೆ, 820ರ ಸುಮಾರಿಗೆ ಬಾಗ್ದಾದ್‌ನಲ್ಲಿ ಅಲ್ ಖ್ವಾರಿಜ್ಮಿ ಸಮೀಕರಣ ಬಿಡಿಸುವ ಪುಸ್ತಕ ಬರೆದಾಗ ಅದರಲ್ಲಿ ಒಂದು ಚಿಹ್ನೆಯೂ ಇರಲಿಲ್ಲ. ಎಲ್ಲ ಮಾತಿನಲ್ಲೇ. (ನಮ್ಮ ಊರಿನ ಐಟಿಯವರು ದಿನಕ್ಕೆ ಹತ್ತು ಸಲ ಹೇಳುವ ಅಲ್ಗೊರಿದಮ್ ಇವನ ಹೆಸರೇ, ಲ್ಯಾಟಿನ್ ಬಾಯಲ್ಲಿ ಸವೆದದ್ದು.)

ಆ ಪುಸ್ತಕದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಪದವೇ ಆಲ್ಜೀಬ್ರಾ ಆಯಿತು. ಅದರ ಅರ್ಥ ಮುರಿದದ್ದನ್ನು ಸರಿ ಕೂರಿಸುವುದು. ಬೆಂಗಳೂರಿನ ರಸ್ತೆಗಳಲ್ಲಿ 'ಪುತ್ತೂರು ಕಟ್ಟು' ಎಂಬ ಬೋರ್ಡ್ ನೋಡಿರುತ್ತೀರಲ್ಲ, ಎಲುಬು ಕೂರಿಸಿ ಕಟ್ಟುವವರದ್ದು? ಅರಬ್ಬಿಯಲ್ಲಿ ಅದಕ್ಕೂ ಜಬ್ರ್ ಅನ್ನುತ್ತಾರೆ. ಸ್ಪೇನಿನಲ್ಲಿ ಎಲುಬು ಕೂರಿಸುವವನಿಗೆ ಅಲ್ಜೆಬ್ರಿಸ್ತಾ ಎಂದೇ ಹೆಸರಿತ್ತು. ಸಮೀಕರಣದ ಒಂದು ಕಡೆ 'ಹತ್ತು ಕಮ್ಮಿ' ಎಂದಿದ್ದರೆ ಅದು ಮುರಿದ ಕಡೆ. ಎರಡೂ ಕಡೆ ಹತ್ತು ಹಾಕಿದರೆ ಮುರಿದದ್ದು ಕೂಡಿತು. 'ಆ ಕಡೆ ಹೋದರೆ ಮೈನಸ್ಸು ಪ್ಲಸ್ಸಾಗುತ್ತೆ' ಎಂದು ಸ್ಕೂಲಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಈ ಕಟ್ಟನ್ನೇ. ಯಾವುದೂ ಎಲ್ಲಿಗೂ ಹೋಗುವುದಿಲ್ಲ ಅಂತ ಮಾತ್ರ ಯಾರೂ ಹೇಳಲಿಲ್ಲ.

ನಮ್ಮವರು ಗೊತ್ತಿಲ್ಲದ್ದಕ್ಕೆ ಇಟ್ಟ ಹೆಸರುಗಳು ನನಗೆ ಎಕ್ಸ್‌ಗಿಂತ ಇಷ್ಟ. ಮೊದಲನೆಯದು ಯಾವತ್ತಾವತ್, ಎಂದರೆ 'ಎಷ್ಟೋ ಅಷ್ಟು'. ಇನ್ನೂ ಬೇಕಾದರೆ ಬಣ್ಣಗಳು: ಕಾಲಕ ಕಪ್ಪು, ನೀಲಕ ನೀಲಿ, ಪೀತಕ ಹಳದಿ, ಲೋಹಿತಕ ಕೆಂಪು. ಬರೆಯುವಾಗ ಬರೀ ಮೊದಲಕ್ಷರ: ಯಾ, ಕಾ, ನೀ, ಪೀ, ಲೋ. ಗೊತ್ತಿರುವ ಸಂಖ್ಯೆಗೆ ರೂಪ, ಚಿಕ್ಕದಾಗಿ 'ರೂ'. ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆಯುತ್ತಿದ್ದರು. ನಮ್ಮ ಆಟೋ ಲೆಕ್ಕ ಆಗ ಹೀಗಿರುತ್ತಿತ್ತು:

ಯಾ 27 ರೂ 0
ಯಾ 18 ರೂ 50

ಈ ರೂ ರೂಪಾಯಿಯದ್ದಲ್ಲ, ಆದರೂ ಐವತ್ತರ ಪಕ್ಕ ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಸೊನ್ನೆಗಿಂತ ಕೆಳಗಿನ ಸಂಖ್ಯೆಗಳಿಗೆ 628ರಲ್ಲಿ ಬ್ರಹ್ಮಗುಪ್ತ ನಿಯಮ ಬರೆದ. ಸಂಪತ್ತು ಧನ, ಸಾಲ ಋಣ. ಋಣವನ್ನು ಋಣದಿಂದ ಗುಣಿಸಿದರೆ ಧನ. ನಮ್ಮ ಪಠ್ಯಪುಸ್ತಕದ ಧನಾತ್ಮಕ, ಋಣಾತ್ಮಕಗಳು ಅಲ್ಲಿಂದ ಬಂದವೇ. ಹಾಗಾದರೆ ಋಣ ಸಂಖ್ಯೆಗೆ ವರ್ಗಮೂಲ ಇದೆಯಾ? ಇಲ್ಲ, ಋಣ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ ಎಂದು 9ನೇ ಶತಮಾನದಲ್ಲಿ ಸ್ಪಷ್ಟವಾಗಿ ಬರೆದವನು ಮಹಾವೀರಾಚಾರ್ಯ. ಅವನ 'ಗಣಿತಸಾರಸಂಗ್ರಹ' ಶುರುವಾಗುವಾಗ ಹೊಗಳುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಹಡ್ಸನ್ ಸರ್ಕಲ್ ಹತ್ತಿರದ ನೃಪತುಂಗ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ನಮಗೆ ಕವಿರಾಜಮಾರ್ಗ ನೆನಪಾದೀತು, ಈ ಗಣಿತದವನು ನೆನಪಾಗುವುದು ಕಮ್ಮಿ.

ಮನೆಗೆ ಬಂದ ಮೇಲೆ ಅವಳಿಗೆ ಒಂದು ಆಟ ಕೊಟ್ಟೆ. ಒಂದು ಸಂಖ್ಯೆಯ ವರ್ಗವನ್ನು 60ರಿಂದ ಗುಣಿಸಿ 1 ಕೂಡಿಸಿದರೆ ಮತ್ತೆ ವರ್ಗವೇ ಬರಬೇಕು. ಸ್ವಲ್ಪ ಹೊತ್ತಿಗೆ 4 ಹುಡುಕಿದಳು: 60ರ ಹದಿನಾರು ಪಟ್ಟು 960, ಒಂದು ಸೇರಿದರೆ 961, ಅದು 31ರ ವರ್ಗ. 62ಕ್ಕೆ 8 ಸಿಕ್ಕಿತು. "61ಕ್ಕೆ?" ಎಂದೆ. ಊಟ ಆರಿತು.

ಭಾಸ್ಕರಾಚಾರ್ಯ 1150ರಲ್ಲಿ ಬಿಡಿಸಿದ ಲೆಕ್ಕ ಅದು. ಸುಮ್ನೆ ಒಂದೊಂದೇ ಸಂಖ್ಯೆ ಹಾಕಿ ನೋಡಿದರೆ ಜನ್ಮದಲ್ಲಿ ಮುಗಿಯಲ್ಲ. ಅವನು ಗುರಿ ತಪ್ಪಿದ ಉತ್ತರದಿಂದಲೇ ಶುರು ಮಾಡುತ್ತಾನೆ. 1 ಹಾಕಿದರೆ 61 ಬರುತ್ತದೆ. ಹತ್ತಿರದ ವರ್ಗ 64, ತಪ್ಪಿದ್ದು 3. ಆ ತಪ್ಪನ್ನೇ ಬಳಸಿ ಮುಂದಿನದಕ್ಕೆ ಹೋದರೆ 5 ಸಿಗುತ್ತದೆ: 61ರ ಇಪ್ಪತ್ತೈದು ಪಟ್ಟು 1525, ಹತ್ತಿರದ ವರ್ಗ 39ರದ್ದು, 1521. ಈಗ ತಪ್ಪಿದ್ದು 4. ತಪ್ಪು 4 ಆದರೆ ಅಲ್ಲಿಂದ ನೇರ ಉತ್ತರಕ್ಕೆ ಹಾರುವ ದಾರಿಯನ್ನು ಬ್ರಹ್ಮಗುಪ್ತ ಆಗಲೇ ಹಾಕಿಟ್ಟಿದ್ದ. ಹೀಗೆ ಸುತ್ತುತ್ತಾ ಸಾಗುವ ವಿಧಾನಕ್ಕೆ ಚಕ್ರವಾಳ ಎಂದು ಹೆಸರು. ಉತ್ತರ 22,61,53,980. ಅದಕ್ಕಿಂತ ಚಿಕ್ಕದು ಇಲ್ಲ. 1657ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೇ 61ನ್ನು ಯುರೋಪಿನವರಿಗೆ ಸವಾಲಾಗಿ ಹಾಕಿದ, ಭಾಸ್ಕರನ ವಿಷಯ ಗೊತ್ತಿಲ್ಲದೆ.

ಅವಳು ನಂಬಲಿಲ್ಲ. ಅಕ್ಕನ ಮೊಬೈಲ್ ತಂದು ಗುಣಿಸಿದಳು. ಆ ಕಡೆ 1,76,63,19,049ರ ವರ್ಗ ಬರಬೇಕು. ಹತ್ತೊಂಬತ್ತು ಅಂಕಿ ಸ್ಕ್ರೀನಿನಲ್ಲಿ ಹಿಡಿಸದೆ ಎರಡೂ ಉತ್ತರ ಒಂದೇ ಥರ ಕಂಡವು. ಕೂಡಿಸಬೇಕಾದ ಆ ಒಂದು ಕಾಣಲೇ ಇಲ್ಲ.

"ಇದು ಮೋಸ" ಅಂತ ಫೋನ್ ಬದಿಗಿಟ್ಟು, ರಫ್ ನೋಟ್‌ಬುಕ್ಕಿನಲ್ಲಿ ಅಡ್ಡಕ್ಕೆ ಗೆರೆ ಎಳೆದು ಕೈಯಲ್ಲೇ ಗುಣಿಸಲು ಕೂತಳು.