ಬಾಟಿಕ್ ಬಟ್ಟೆಯ ಹಿಂಬದಿ ಏನು ಹೇಳುತ್ತದೆ?

ಪ್ರಶ್ನೆ: ಅಂಗಡಿಯಲ್ಲಿ ಬಾಟಿಕ್ ಎಂದು ಕೊಡುವ ಬಟ್ಟೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿದ್ದೋ, ಯಂತ್ರದಲ್ಲಿ ಮುದ್ರಿಸಿದ್ದೋ ಎಂದು ಗುರುತಿಸುವುದು ಹೇಗೆ? ಮೈತುಂಬ ಬಿರುಕಿನಂಥ ಗೆರೆಗಳಿದ್ದರೆ ಅಸಲಿ ಎನ್ನುತ್ತಾರೆ, ನಿಜವೇ?

ಉತ್ತರ: ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡಿ. ಮುದ್ರಿಸಿದ ಬಟ್ಟೆಯಲ್ಲಿ ಬಣ್ಣ ಒಂದೇ ಮುಖಕ್ಕೆ ಬೀಳುವುದರಿಂದ ಹಿಂಬದಿ ಸಾಮಾನ್ಯವಾಗಿ ಪೇಲವವಾಗಿರುತ್ತದೆ. ಇಂಡೋನೇಷ್ಯಾದ ಜಾವಾ ದ್ವೀಪದ ಬಾಟಿಕ್ ಹಾಗಲ್ಲ. ಅಲ್ಲಿ ಇಡೀ ಬಟ್ಟೆಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬಣ್ಣ ಎರಡೂ ಕಡೆಯಿಂದ ಒಳನುಗ್ಗುವುದರಿಂದ ಅದನ್ನು ತಡೆಯುವ ಮೇಣವೂ ಎರಡೂ ಕಡೆ ಇರಲೇಬೇಕು. ಹೀಗಾಗಿ ಒಳ್ಳೆಯ ಕೆಲಸದಲ್ಲಿ ಮುಂಬದಿಯ ಗೆರೆಗಳನ್ನು ಮುಗಿಸಿದ ಮೇಲೆ ಬಟ್ಟೆಯನ್ನು ತಿರುಗಿಸಿ, ಅವೇ ಗೆರೆಗಳ ಮೇಲೆ ಹಿಂಬದಿಯಿಂದಲೂ ಮೇಣ ಎಳೆಯುತ್ತಾರೆ.

ಕೈಯಿಂದ ಬರೆದ ಬಾಟಿಕ್ಕಿಗೆ ಅಲ್ಲಿ 'ಬಾಟಿಕ್ ತುಲಿಸ್' ಎಂದು ಹೆಸರು. ತುಲಿಸ್ ಎಂದರೆ ಬರೆಯುವುದು. ಲೇಖನಿಯ ಹೆಸರು ಚಾಂಟಿಂಗ್: ಹಿಡಿಕೆಯ ತುದಿಗೆ ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸಣ್ಣ ಕೊಳವೆಮೂತಿ. ಜೇನುಮೇಣ, ಪ್ಯಾರಾಫಿನ್, ರಾಳಗಳನ್ನು ಬೆರೆಸಿ ಕಾಯಿಸಿದ ಮಿಶ್ರಣವನ್ನು ಸಣ್ಣ ಬಾಣಲೆಯಿಂದ ತುಂಬಿಕೊಂಡ ಹೆಂಗಸು, ಮೂತಿ ಕಟ್ಟಿಕೊಳ್ಳದಂತೆ ಅದಕ್ಕೊಮ್ಮೆ ಉಫ್ ಎಂದು ಊದಿ, ಚೌಕಟ್ಟಿಗೆ ಇಳಿಬಿಟ್ಟ ಬಟ್ಟೆಯ ಹಿಂದೆ ಎಡಗೈಯನ್ನು ಆನಿಸಿಕೊಂಡು ಗೆರೆ ಎಳೆಯುತ್ತಾಳೆ. ಯೋಗ್ಯಕರ್ತಾ ಮತ್ತು ಸೋಲೋ ನಗರಗಳ ಹಳೆಯ ಕ್ರಮದಲ್ಲಿ ಬಟ್ಟೆ ಮೊದಲು ನೀಲಿಯಲ್ಲಿ ಮುಳುಗುತ್ತದೆ. ಕಂದು ಬರಬೇಕಾದ ಕಡೆ ಮೇಣವನ್ನು ಕೆರೆದು, ನೀಲಿಯಾಗಿಯೇ ಉಳಿಯಬೇಕಾದುದಕ್ಕೆ ಹೊಸದಾಗಿ ಮೇಣ ಹೊದಿಸಿ, ಸೋಗಾ ಎಂಬ ಕಂದು ಬಣ್ಣಕ್ಕೆ ಇಳಿಸುತ್ತಾರೆ. ಬಿಸಿ ತಗುಲಿದರೆ ಮೇಣ ಕರಗುವುದರಿಂದ ಬಣ್ಣದ ತೊಟ್ಟಿ ತಣ್ಣಗಿರಬೇಕು. ಕುದಿನೀರಿನ ಸರದಿ ಬರುವುದು ಕೊನೆಗೆ, ಮೇಣ ಬಿಡಿಸುವಾಗ ಮಾತ್ರ. ಇಂಥ ಒಂದು ಬಟ್ಟೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಹಾಗೆಂದು ಅಚ್ಚು ಬಳಸಿದ್ದೆಲ್ಲ ನಕಲಿಯಲ್ಲ. 19ನೆಯ ಶತಮಾನದ ಮಧ್ಯದಿಂದ ತಾಮ್ರದ ಪಟ್ಟಿಗಳನ್ನು ಬಾಗಿಸಿ ಮಾಡಿದ ಅಚ್ಚನ್ನು ಬಿಸಿ ಮೇಣಕ್ಕೆ ಅದ್ದಿ ಬಟ್ಟೆಗೆ ಒತ್ತುವ ಪದ್ಧತಿ ಬಂತು. ಇದು 'ಬಾಟಿಕ್ ಚಾಪ್'. (ನಮ್ಮ ಛಾಪಾ ಕಾಗದದ 'ಛಾಪಾ' ಕೂಡ ಇದೇ ಮೂಲದ್ದು.) ಒತ್ತುವುದು ಬಣ್ಣವನ್ನಲ್ಲ, ಮೇಣವನ್ನು, ಆದ್ದರಿಂದ ಇದೂ ಬಾಟಿಕ್ಕೇ. ಎರಡನ್ನೂ ಬೇರ್ಪಡಿಸಲು ಚುಕ್ಕಿಗಳನ್ನು ನೋಡಬೇಕು. ಕೈಬರಹದಲ್ಲಿ ಅಕ್ಕಪಕ್ಕದ ಎರಡು ಹೂಗಳ ಚುಕ್ಕಿಗಳು ಎಂದೂ ತದ್ರೂಪವಾಗಿರುವುದಿಲ್ಲ. ಚಾಪ್‌ನಲ್ಲಿ ಒಂದು ಹೂವಿನ ಸೊಟ್ಟ ಎಸಳು ನಿರ್ದಿಷ್ಟ ಅಂತರದಲ್ಲಿ ಹಾಗೆಯೇ ಮರಳಿ ಬರುತ್ತದೆ. 2009ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಇಂಡೋನೇಷ್ಯಾದ ಬಾಟಿಕ್ಕನ್ನು ಸೇರಿಸಿದ ಮೇಲೆ ಬೇಡಿಕೆ ಹೆಚ್ಚಿತೇನೋ ನಿಜ, ಆದರೆ ಬಾಟಿಕ್ ವಿನ್ಯಾಸವನ್ನು ಮುದ್ರಿಸಿದ ಅಗ್ಗದ ಬಟ್ಟೆಯೂ ಅದೇ ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದೆ.

ಇನ್ನು ಬಿರುಕಿನ ಮಾತು. ಮೇಣ ಒಡೆದ ಜಾಗದಲ್ಲಿ ಬಣ್ಣ ನುಸುಳಿದಾಗ ಆ ಗೆರೆಗಳು ಮೂಡುತ್ತವೆ. ಪ್ಯಾರಾಫಿನ್ ಹೆಚ್ಚಾದರೆ ಮೇಣ ಬೇಗ ಒಡೆಯುತ್ತದೆ, ಜೇನುಮೇಣ ಹೆಚ್ಚಿದ್ದರೆ ಬಾಗಿಕೊಳ್ಳುತ್ತದೆ. ಮಧ್ಯ ಜಾವಾದ ನುರಿತ ಕುಶಲಿಗಳಿಗೆ ಬಿರುಕು ಕೈತಪ್ಪಿನ ಗುರುತು. ಅದನ್ನೇ ಅಂದವೆಂದು ಬೇಕೆಂತಲೇ ಒಡೆಸುವ ರೂಢಿ ಭಾರತದ ಬಾಟಿಕ್‌ನಲ್ಲಿ ಹೆಚ್ಚು. ನಮ್ಮಲ್ಲಿ ಬಿರುಕು ಅಸಲಿತನದ ಲಕ್ಷಣವೆನಿಸಿದ್ದು ಬಹುಶಃ ಇದರಿಂದಲೇ. ಆದರೆ ಮುದ್ರಕರು ಬಿರುಕುಗಳನ್ನೂ ಮುದ್ರಿಸುತ್ತಾರೆ. ಹಾಗಾಗಿ ಅಂಥ ಒಂದು ಗೆರೆಯನ್ನು ಆರಿಸಿಕೊಂಡು ಹಿಂಬದಿಯಲ್ಲಿ ಹುಡುಕಿ: ಮೇಣ ಒಡೆದು ಮೂಡಿದ ಗೆರೆಯಾದರೆ ಬಣ್ಣ ಎಳೆಯೊಳಗೆ ಇಳಿದಿರುತ್ತದೆ, ಮುದ್ರಿಸಿದ್ದಾದರೆ, ತೀರಾ ತೆಳುವಾದ ಬಟ್ಟೆಯ ಹೊರತು, ಅದು ಅಲ್ಲಿ ಮಸುಕಾಗಿರುತ್ತದೆ ಇಲ್ಲವೇ ಕಾಣಿಸುವುದೇ ಇಲ್ಲ.